ಗೊಬ್ಬರದ ಬಕೆಟ್ಟಿನಲ್ಲಿ ಹುಟ್ಟುವ ಹಣ್ಣುನೊಣ

ಪ್ರಶ್ನೆ: ಮೈಸೂರಿನ ಕುವೆಂಪುನಗರದಲ್ಲಿ ಮೊದಲ ಮಹಡಿಯ ಬಾಡಿಗೆ ಮನೆಯಲ್ಲಿದ್ದೇವೆ, ಮನೆಯಲ್ಲಿ ಐದು ಜನ. ಅಡುಗೆಮನೆಗೆ ಅಂಟಿಕೊಂಡ ಬಾಲ್ಕನಿಯಲ್ಲಿ 25 ಲೀಟರಿನ ಪೇಂಟ್ ಬಕೆಟ್ಟಿಗೆ ಸುತ್ತಲೂ ತೂತು ಕೊರೆದು, ಎಂಟು ತಿಂಗಳಿಂದ ಹಸಿಕಸದ ಗೊಬ್ಬರ ಮಾಡುತ್ತಿದ್ದೇನೆ. ಮಾವಿನಹಣ್ಣಿನ ಕಾಲ ಶುರುವಾದ ಮೇಲೆ ಮುಚ್ಚಳ ತೆಗೆದರೆ ಸಾಕು, ಸಣ್ಣ ನೊಣಗಳು ಮುಖಕ್ಕೇ ಹಾರುತ್ತವೆ. ಮುಚ್ಚಳದ ಒಳಮೈಗೆ ಕಂದು ಕಾಳುಗಳಂಥವು ಅಂಟಿರುತ್ತವೆ, ಬದಿಯಲ್ಲಿ ಬಿಳಿ ಹುಳುಗಳು ಹತ್ತುತ್ತವೆ, ಕೆಳಗಿನ ತಟ್ಟೆಗೆ ರಸ ಸೋರುತ್ತದೆ. ಸುಣ್ಣ ಉದುರಿಸಿದೆ, ಫಿನೈಲ್ ಹಾಕಿದೆ, ಕೊನೆಗೆ ಜಿರಳೆಗೆ ಹೊಡೆಯುವ ಸ್ಪ್ರೇಯನ್ನೂ ಹೊಡೆದೆ. ಎರಡು ದಿನ ಕಡಿಮೆಯಾಗಿ ಮತ್ತೆ ಅಷ್ಟೇ. ಮದ್ದೂರಿನ ಹತ್ತಿರದ ತವರಿಗೆ ಹೋದಾಗ ಗೊಬ್ಬರದಂಗಡಿಯಲ್ಲಿ ‘ಹಣ್ಣುನೊಣದ ಬಲೆ’ ಕೊಂಡು ತಂದು ಬಕೆಟ್ಟಿನ ಮೇಲೆ ತೂಗುಹಾಕಿದ್ದೇನೆ. ಮೂರು ವಾರವಾದರೂ ಒಂದು ನೊಣ ಬಿದ್ದಿಲ್ಲ. ನೊಣ ಬಂದರೆ ಗೊಬ್ಬರ ಕೆಟ್ಟಿದೆ ಎಂದರ್ಥವೇ? ಎರಡು ವರ್ಷದ ಮಗುವಿದೆ, ರೋಗ ತಗುಲೀತೇ? ಕೆಳಗಿನ ಮನೆಯವರು ದೂರುತ್ತಿದ್ದಾರೆ. ಮುಂದುವರಿಸಲೇ, ನಿಲ್ಲಿಸಲೇ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಹೇಳಿದ್ದು ಮುಚ್ಚಳಕ್ಕೆ ಅಂಟಿದ ಆ ಕಂದು ಕಾಳುಗಳು. ಒಂದನ್ನು ಬೆಂಕಿಕಡ್ಡಿಯ ತುದಿಯಿಂದ ಬಿಡಿಸಿ ಬೆಳಕಿಗೆ ಹಿಡಿದು ನೋಡಿ. ರಾಗಿಕಾಳಿಗಿಂತ ತುಸು ಉದ್ದವಾಗಿರುತ್ತದೆ; ಒಂದು ತುದಿಯಲ್ಲಿ ಕೂದಲೆಳೆಯಂಥ ಎರಡು ಪುಟ್ಟ ಕೊಂಬುಗಳು ಕಾಣುತ್ತವೆ. ಆ ಕೊಂಬುಗಳು ಉಸಿರಾಟದ ಕೊಳವೆಗಳು; ಕಾಳು ಎಂದರೆ ಹುಳು ನೊಣವಾಗಿ ಮಾರ್ಪಡುವ ಕೋಶ. ಕಾಳು ತಿಳಿಗಂದು ಬಣ್ಣದ್ದಾಗಿದ್ದರೆ ನೊಣ ಇನ್ನೂ ಒಳಗೆ ಬಲಿಯುತ್ತಿದೆ. ಗಾಜಿನಂತೆ ಪಾರದರ್ಶಕವಾಗಿ, ಒಂದು ತುದಿ ತೆರೆದುಕೊಂಡಿದ್ದರೆ ಅದು ಹಾರಿಹೋಗಿ ಆಗಿದೆ. ಬದಿಯಲ್ಲಿ ಹತ್ತುವ ಬಿಳಿ ಹುಳುಗಳು ಇದರ ಹಿಂದಿನ ಅವಸ್ಥೆ: ಮರಿಹುಳು ತಿಂದು ಬಲಿತ ಮೇಲೆ ಒದ್ದೆ ಜಾಗ ಬಿಟ್ಟು, ಒಣಗಿದ ಗೋಡೆ ಹುಡುಕಿಕೊಂಡು ಮೇಲೆ ಹತ್ತಿ ಅಲ್ಲಿ ಕೋಶ ಕಟ್ಟುತ್ತದೆ. ಎಂದರೆ ನಿಮ್ಮ ಬಕೆಟ್ಟಿಗೆ ನೊಣ ಹೊರಗಿನಿಂದ ಮುತ್ತುತ್ತಿಲ್ಲ, ಅದು ಅಲ್ಲಿಯೇ ತಲೆಮಾರಿನ ಮೇಲೆ ತಲೆಮಾರಾಗಿ ಹುಟ್ಟುತ್ತಿದೆ. ನೀವು ಇದುವರೆಗೆ ಮಾಡಿದ್ದೆಲ್ಲ ಹಾರುವ ನೊಣವನ್ನು ಓಡಿಸುವ ಕೆಲಸ. ಆಗಬೇಕಾದದ್ದು ಹುಟ್ಟನ್ನು ತಡೆಯುವ ಕೆಲಸ.

ಈ ನೊಣವನ್ನು ಸಾಕುವುದು ಎಷ್ಟು ಸುಲಭವೆಂದು ನಾನು ಪ್ರಯೋಗಾಲಯದಲ್ಲಿ ಕಲಿತವನು. ಶಾಸ್ತ್ರೀಯ ಹೆಸರು ಡ್ರೊಸೋಫಿಲಾ. ಅನುವಂಶೀಯತೆಯ ಅಧ್ಯಯನಕ್ಕೆ ಜಗತ್ತಿನೆಲ್ಲೆಡೆ ಬಳಸುವ ನೊಣ ಇದು. ನಿಮ್ಮ ಮನೆಗೆ ದೂರವೇನೂ ಅಲ್ಲದ, ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿ ಇದರ ತಳಿಗಳನ್ನು ಕಾಪಿಡುವ ಕೇಂದ್ರವೇ ಇದೆ. ಲ್ಯಾಬಿನಲ್ಲಿ ಅದಕ್ಕೆ ಹಾಕುವ ಮೇವು ಏನು ಗೊತ್ತೇ? ರವೆ, ಬೆಲ್ಲ ಮತ್ತು ಅಗರ್ (ಗಟ್ಟಿಯಾಗಲು ಹಾಕುವ ಕಡಲಪಾಚಿಯ ಪುಡಿ) ಸೇರಿಸಿ ಬೇಯಿಸಿದ ಒಂದು ಬಗೆಯ ಕೇಸರಿಬಾತು, ಮೇಲೆ ಚಿಟಿಕೆ ಯೀಸ್ಟ್. ಸುಮಾರು 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಮೊಟ್ಟೆ ಒಂದೇ ದಿನದಲ್ಲಿ ಒಡೆಯುತ್ತದೆ, ನಾಲ್ಕೈದು ದಿನ ಮರಿಹುಳುವಾಗಿ ತಿನ್ನುತ್ತದೆ, ಇನ್ನು ನಾಲ್ಕೈದು ದಿನ ಕೋಶದಲ್ಲಿ ಕಳೆಯುತ್ತದೆ. ಹತ್ತು ದಿನಕ್ಕೆ ಹೊಸ ನೊಣ ಸಿದ್ಧ. ಒಂದು ಹೆಣ್ಣು ತನ್ನ ಜೀವಿತದಲ್ಲಿ ನೂರಾರು ಮೊಟ್ಟೆ ಇಡುತ್ತದೆ. ಮೈಸೂರಿನ ಹವೆ ವರ್ಷದ ಬಹುಪಾಲು ಈ ನೊಣಕ್ಕೆ ಹೇಳಿ ಮಾಡಿಸಿದಂತಿದೆ. ನೀವು ಸ್ಪ್ರೇ ಹೊಡೆದಾಗ ಎರಡು ದಿನ ಕಡಿಮೆಯಾದದ್ದೂ ಮತ್ತೆ ಬಂದದ್ದೂ ಈ ಲೆಕ್ಕದಿಂದಲೇ: ಹಾರುವವು ಸತ್ತವು, ಕೋಶದೊಳಗಿದ್ದವು ಬೆಚ್ಚಗಿದ್ದು ಮೂರನೆಯ ದಿನ ಹೊರಬಂದವು.

ಇನ್ನು ಆ ಬಲೆಯ ವಿಷಯ. ಅಂಗಡಿಯವರು ನಿಮಗೆ ಮೋಸ ಮಾಡಿಲ್ಲ. ಹೆಸರು ಮೋಸ ಮಾಡಿದೆ. ನಮ್ಮ ರೈತರು ‘ಹಣ್ಣುನೊಣ’ ಎನ್ನುವುದು ಬ್ಯಾಕ್ಟ್ರೊಸೆರಾ ಎಂಬ ಬೇರೆಯೇ ನೊಣಕ್ಕೆ. ಅದು ಮನೆನೊಣದಷ್ಟು ದೊಡ್ಡದು, ಹಳದಿ ಪಟ್ಟೆಯುಳ್ಳದ್ದು. ಮರದ ಮೇಲಿನ ಬಲಿತ ಮಾವು, ಸೀಬೆಯ ಸಿಪ್ಪೆ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಹಣ್ಣು ಕೊಯ್ದಾಗ ಒಳಗೆ ಹುಳು ಕಂಡರೆ ಅದರದೇ ಕೆಲಸ. ನೀವು ತಂದ ಬಲೆಯಲ್ಲಿರುವ ಮರದ ತುಂಡಿಗೆ ಮಿಥೈಲ್ ಯೂಜಿನಾಲ್ ಎಂಬ ದ್ರವ್ಯವನ್ನು, ಸಾಮಾನ್ಯವಾಗಿ ಕೀಟನಾಶಕದ ಜೊತೆಗೆ, ಹೀರಿಸಿರುತ್ತಾರೆ. ಅದರ ವಾಸನೆಗೆ ಬರುವುದು ಆ ಜಾತಿಯ ಗಂಡು ನೊಣಗಳು ಮಾತ್ರ. ನಿಮ್ಮ ಬಕೆಟ್ಟಿನ ಡ್ರೊಸೋಫಿಲಾಗೆ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಮಗುವಿರುವ ಮನೆಯಾದ್ದರಿಂದ ಅದನ್ನು ಇಂದೇ ಅಲ್ಲಿಂದ ಇಳಿಸಿ, ತುಂಡನ್ನು ಬರಿಗೈಯಿಂದ ಮುಟ್ಟದೆ, ಪೊಟ್ಟಣದಲ್ಲಿ ಬಿಗಿಯಾಗಿ ಕಟ್ಟಿಡಿ.

ಗೊಬ್ಬರ ಕೆಟ್ಟಿದೆಯೇ ಎಂದು ಕೇಳಿದ್ದೀರಿ. ಇಲ್ಲ. ಕೊಳೆಯುವಿಕೆ ನಡೆದಿದೆ, ಆದರೆ ಮೇಲ್ಪದರದಲ್ಲಿ ಅದು ಗೊಬ್ಬರವಾಗುವ ಬದಲು ಹುಳಿಯುತ್ತಿದೆ, ಅಷ್ಟೇ. ರೋಗದ ಬಗ್ಗೆಯೂ ಅಗತ್ಯಕ್ಕಿಂತ ಹೆಚ್ಚು ಹೆದರಬೇಕಾಗಿಲ್ಲ: ಈ ನೊಣ ಕಚ್ಚುವುದಿಲ್ಲ, ರಕ್ತ ಹೀರುವುದಿಲ್ಲ, ಡೆಂಗಿ ಮಲೇರಿಯಾಗಳಿಗೂ ಇದಕ್ಕೂ ಸಂಬಂಧವಿಲ್ಲ. ಕೊಳೆತದ್ದರ ಮೇಲೆ ಕೂತ ಕಾಲಿನಲ್ಲೇ ಮಗುವಿನ ಹಣ್ಣಿನ ಬಟ್ಟಲಿಗೆ ಬಂದು ಕೂತರೆ ಸೂಕ್ಷ್ಮಜೀವಿಗಳನ್ನು ಹೊತ್ತು ತರಬಹುದು. ಆದ್ದರಿಂದ ಹೆಚ್ಚಿದ ಹಣ್ಣನ್ನು ಮುಚ್ಚಿಡಿ. ನಿಮ್ಮ ಮನೆಯಲ್ಲಿ ನನಗೆ ಹೆಚ್ಚು ಚಿಂತೆ ತರಿಸುವುದು ಬಕೆಟ್ಟಿನ ಕೆಳಗಿನ ತಟ್ಟೆ. ನಿಂತ ರಸ, ಅದಕ್ಕೆ ಸೇರಿದ ಮಳೆನೀರು ಸೊಳ್ಳೆಗೆ ಆಹ್ವಾನ. ಅದನ್ನು ದಿನವೂ ಚೆಲ್ಲಿ ತೊಳೆಯಿರಿ.

ಸುಣ್ಣ, ಫಿನೈಲ್, ಸ್ಪ್ರೇ ಈ ಮೂರರಲ್ಲಿ ಕಡಿಮೆ ಕೆಟ್ಟದ್ದು ಸುಣ್ಣ. ಹುಳಿಯನ್ನು ಮುರಿಯುತ್ತದೆ ಎಂಬುದು ನಿಜ, ಆದರೆ ಹೆಚ್ಚಾದರೆ ಗೊಬ್ಬರದ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಮೂಗಿಗೆ ಚುರ್ರೆನ್ನುವ ವಾಸನೆ ಬಂದರೆ ನಿಮ್ಮ ಗಿಡಗಳಿಗೆ ಸೇರಬೇಕಾದದ್ದು ಹಾರಿಹೋಗುತ್ತಿದೆ ಎಂದು ತಿಳಿಯಿರಿ. ಫಿನೈಲ್ ಇರುವುದೇ ಸೂಕ್ಷ್ಮಜೀವಿಗಳನ್ನು ಕೊಲ್ಲಲು. ಗೊಬ್ಬರ ಮಾಡುವವರೇ ಆ ಸೂಕ್ಷ್ಮಜೀವಿಗಳಾಗಿರುವಾಗ ಅವರ ತಲೆಯ ಮೇಲೆ ಫಿನೈಲ್ ಸುರಿಯುವುದು ಅಡುಗೆಯವರನ್ನು ಓಡಿಸಿ ಊಟಕ್ಕೆ ಕಾದು ಕೂತಂತೆ. ಕೀಟನಾಶಕದ ಸ್ಪ್ರೇಯಂತೂ ಬೇಡವೇ ಬೇಡ. ಆ ಗೊಬ್ಬರವನ್ನು ನೀವು ಕೊತ್ತಂಬರಿ, ಮೆಂತ್ಯ ಸೊಪ್ಪಿನ ಕುಂಡಕ್ಕೆ ಹಾಕುವವರು. ಈಗಾಗಲೇ ಹೊಡೆದದ್ದಕ್ಕೆ ಗಾಬರಿಯಾಗಬೇಡಿ. ಈ ಸಲದ ಗೊಬ್ಬರವನ್ನು ಇನ್ನೆರಡು ಮೂರು ತಿಂಗಳು ಹಣ್ಣಾಗಲು ಬಿಟ್ಟು ಹೂಗಿಡಗಳಿಗೆ ಮಾತ್ರ ಬಳಸಿ.

ಹಾಗಾದರೆ ಮೊದಲ ನೊಣ ಬಂದದ್ದು ಎಲ್ಲಿಂದ? ‘ಕೊಳೆತದ್ದರಲ್ಲಿ ಹುಳು ತಾನಾಗಿ ಹುಟ್ಟುತ್ತದೆ’ ಎಂಬ ಮಾತನ್ನು ಓದಿದವರ ಬಾಯಲ್ಲೂ ಈಗಲೂ ಕೇಳುತ್ತೇನೆ. ಇಟಲಿಯ ಫ್ರಾನ್ಸೆಸ್ಕೊ ರೆಡಿ ಎಂಬ ವೈದ್ಯ ಮಾಂಸದ ಪಾತ್ರೆಗಳಲ್ಲಿ ಕೆಲವನ್ನು ತೆರೆದಿಟ್ಟು, ಕೆಲವಕ್ಕೆ ತೆಳುಬಟ್ಟೆ ಕಟ್ಟಿ, ಬಟ್ಟೆ ಕಟ್ಟಿದ ಪಾತ್ರೆಯ ಮಾಂಸದಲ್ಲಿ ಹುಳು ಆಗುವುದಿಲ್ಲವೆಂದು 1668ರಲ್ಲೇ ತೋರಿಸಿದ್ದ. ನಿಮ್ಮ ಮನೆಗೆ ನೊಣ ಬಹುಮಟ್ಟಿಗೆ ಬಂದಿರುವುದು ಮಾರುಕಟ್ಟೆಯ ಚೀಲದಲ್ಲಿ. ದೇವರಾಜ ಮಾರುಕಟ್ಟೆಯಿಂದಲೋ ಬೀದಿಯ ತಳ್ಳುಗಾಡಿಯಿಂದಲೋ ತಂದ ಕಳಿತ ಬಾಳೆಹಣ್ಣಿನ ತೊಟ್ಟಿನ ಬಳಿ, ಮಾವಿನ ಸಿಪ್ಪೆ ಬಿರಿದಲ್ಲಿ ಅರ್ಧ ಮಿಲಿಮೀಟರ್ ಉದ್ದದ ಮೊಟ್ಟೆಗಳು ಮೊದಲೇ ಇರುತ್ತವೆ. ಬರಿಗಣ್ಣಿಗೆ ಅವು ಕಾಣಿಸುವುದೇ ಕಷ್ಟ. ಹಣ್ಣು ತಿಂದು ಸಿಪ್ಪೆಯನ್ನು ಬಕೆಟ್ಟಿಗೆ ಹಾಕುವಾಗ ಮೊಟ್ಟೆಯನ್ನೂ ಸೇರಿಸಿಯೇ ಹಾಕುತ್ತೀರಿ. ಮುಚ್ಚಳ ಎಷ್ಟೇ ಬಿಗಿಯಾಗಿದ್ದರೂ ನೊಣ ಕಾಣಿಸಿಕೊಳ್ಳುವ ರಹಸ್ಯ ಇದು.

ಅದರ ಮೇಲೆ ಯೀಸ್ಟ್. ಈ ನೊಣ ಬಯಸುವುದು ಹಣ್ಣನ್ನಲ್ಲ, ಹಣ್ಣಿನ ಸಕ್ಕರೆಯನ್ನು ಹುಳಿಸುವ ಯೀಸ್ಟನ್ನು. ಮರಿಹುಳುಗಳ ಮುಖ್ಯ ಆಹಾರ ಅದೇ. ಮಾವಿನ ವಾಟೆ, ಪರಂಗಿಯ ಸಿಪ್ಪೆ, ಕಲ್ಲಂಗಡಿಯ ತಿರುಳು ಒದ್ದೆಯಾಗಿ ಮೇಲೆಯೇ ಬಿದ್ದಿದ್ದರೆ ಒಂದೆರಡು ದಿನದಲ್ಲಿ ಹೆಂಡದಂಗಡಿಯ ವಾಸನೆ ಏಳುತ್ತದೆ, ಅದನ್ನು ಹಿಡಿದು ಬೀದಿಯ ನೊಣವೂ ಬರುತ್ತದೆ. ದೊಡ್ಡ ಗೊಬ್ಬರದ ರಾಶಿಯಾಗಿದ್ದರೆ ಒಳಗಿನ ಕಾವು 55 ಡಿಗ್ರಿ ದಾಟಿ ಮೊಟ್ಟೆ, ಹುಳು ಎಲ್ಲ ಬೆಂದುಹೋಗುತ್ತಿದ್ದವು. ಆ ಕಾವು ನಿಲ್ಲಬೇಕಾದರೆ ರಾಶಿ ಹೆಚ್ಚುಕಡಿಮೆ ಒಂದು ಘನ ಮೀಟರ್ ಇರಬೇಕು. 25 ಲೀಟರಿನ ಬಕೆಟ್ ಅದರ ನಲವತ್ತನೆಯ ಒಂದು ಪಾಲು. ಹಳ್ಳಿಯ ತಿಪ್ಪೆಯಲ್ಲಿ ತಾನಾಗಿ ಆಗುವ ಕೆಲಸ ಬಾಲ್ಕನಿಯಲ್ಲಿ ಆಗುವುದಿಲ್ಲ, ಅದನ್ನು ನಾವು ಕೈಯಾರೆ ಮಾಡಬೇಕು.

ಮೊದಲು ಈಗಿರುವ ಬಕೆಟ್ಟನ್ನು ನೋಡಿಕೊಳ್ಳಿ. ಮುಚ್ಚಳ, ಅಂಚು, ಒಳಗೋಡೆಗಳಿಗೆ ಅಂಟಿದ ಕೋಶಗಳನ್ನು ಹಳೆಯ ಬ್ರಷ್ಷಿನಿಂದ ಕೆರೆದು ಸೋಪಿನ ಬಿಸಿನೀರಿಗೆ ಹಾಕಿ. ಈ ಒಂದು ಕೆಲಸ ವಾರಕ್ಕೆರಡು ಸಲ ನಡೆದರೆ ಅರ್ಧ ಯುದ್ಧ ಗೆದ್ದಂತೆ, ಆದರೆ ಯಾರೂ ಮಾಡುವುದಿಲ್ಲ. ಮೇಲಿನ ಮೂರು ನಾಲ್ಕು ಅಂಗುಲದ ಒದ್ದೆ ಕಸವನ್ನು ತೆಗೆದು ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಬಿರುಬಿಸಿಲಿನಲ್ಲಿ ಎರಡು ಮೂರು ದಿನ ತಾರಸಿಯ ಮೇಲಿಡಿ. ಒಳಗಿನ ಹುಳುಗಳು ಸೆಕೆಗೆ ಸಾಯುತ್ತವೆ, ಕಸವನ್ನು ಮತ್ತೆ ಬಳಸಬಹುದು. ಎರೆಹುಳು ಸಾಕಿದ ಬಕೆಟ್ಟಾಗಿದ್ದರೆ ಇದನ್ನು ಮಾಡಬೇಡಿ, ಎರೆಹುಳುವೂ ಸಾಯುತ್ತದೆ.

ಉಳಿದ ಗೊಬ್ಬರವನ್ನು ಹಿಡಿಯಷ್ಟು ತೆಗೆದು ಹಿಂಡಿ. ಒಂದೆರಡು ಹನಿ ತೊಟ್ಟಿಕ್ಕಿದರೆ ತೇವ ಸರಿಯಿದೆ. ಧಾರೆಯಾಗಿ ಇಳಿದರೆ, ನಿಮ್ಮದು ಖಂಡಿತ ಇಳಿಯುತ್ತದೆ, ಒಣ ಪದಾರ್ಥ ಕಡಿಮೆಯಾಗಿದೆ ಎಂದರ್ಥ. ಒಂದು ಪಾತ್ರೆ ಹಸಿಕಸಕ್ಕೆ ಒಂದರಿಂದ ಎರಡು ಪಾತ್ರೆ ಒಣ ಪದಾರ್ಥ ಬೇಕು, ಮಾವಿನ ಕಾಲದಲ್ಲಿ ಎರಡಕ್ಕೆ ಕಡಿಮೆ ಬೇಡ. ಯಾವ ಒಣ ಪದಾರ್ಥ ಎನ್ನುವುದರಲ್ಲಿ ನಮ್ಮ ಕಡೆಯವರು ಆಗಾಗ ಎಡವುತ್ತಾರೆ. ತೆಂಗಿನ ನಾರಿನ ಪುಡಿ, ಅಂದರೆ ಕೊಕೊಪೀಟ್, ನೀರು ಹೀರುವುದರಲ್ಲಿ ಎಲ್ಲಕ್ಕಿಂತ ಮೇಲು. ಬೇಸಿಗೆಗೆ ಮುಂಚೆ ಮೈಸೂರಿನ ಬೀದಿಗಳಲ್ಲಿ ಉದುರುವ ಮಳೆಮರದ, ಹೊಂಗೆಯ ತರಗೆಲೆಯನ್ನು ಎರಡು ಗೋಣಿ ತುಂಬಿಟ್ಟುಕೊಂಡರೆ ಮಳೆಗಾಲ ಕಳೆಯುತ್ತದೆ, ಕಾಸೂ ಖರ್ಚಿಲ್ಲ. ಭತ್ತದ ಹೊಟ್ಟು ಗಾಳಿಯಾಡಲು ಒಳ್ಳೆಯದು, ನೀರು ಹೀರುವುದಿಲ್ಲ, ಅದನ್ನೇ ನಂಬಬೇಡಿ. ತವರಿನ ಕಡೆ ಆಲೆಮನೆಯಿಂದ ಕಬ್ಬಿನ ರಚ್ಚು ತರುವ ಯೋಚನೆಯಿದ್ದರೆ ಒಂದು ಎಚ್ಚರ: ಗಾಣದಿಂದ ಆಗತಾನೆ ಹೊರಬಂದ ರಚ್ಚಿನಲ್ಲಿ ಇನ್ನೂ ಸಿಹಿ ಉಳಿದಿರುತ್ತದೆ. ಅದನ್ನು ಮೇಲೆ ಹೊದಿಸಿದರೆ ನೊಣಕ್ಕೆ ಹಬ್ಬದೂಟ ಬಡಿಸಿದಂತೆ. ಮಂಡ್ಯದ ಕಡೆಯ ಒಬ್ಬ ಗೃಹಿಣಿ ಹೀಗೆಯೇ ಮಾಡಿ, ‘ಹೊದಿಕೆ ಹಾಕಿದ ಮೇಲೆ ನೊಣ ಹೆಚ್ಚಾಯಿತು’ ಎಂದು ನನ್ನಲ್ಲಿ ಜಗಳಕ್ಕೇ ಬಂದಿದ್ದರು. ಚೆನ್ನಾಗಿ ಬಿಸಿಲಿಗೆ ಒಣಗಿದ ಹಳೆಯ ರಚ್ಚಾದರೆ ಅಡ್ಡಿಯಿಲ್ಲ.

ಹಣ್ಣಿನ ಸಿಪ್ಪೆಯನ್ನು ಹಾಕುವ ಮುನ್ನ ಮೊಟ್ಟೆ ಕೊಲ್ಲುವುದು ಮುಖ್ಯ. ಫ್ರೀಜರಿನಲ್ಲಿ ಜಾಗವಿದ್ದರೆ ಸಿಪ್ಪೆಗಳನ್ನು ಡಬ್ಬಿಯಲ್ಲಿ ಎರಡು ದಿನ ಇಟ್ಟು ಆಮೇಲೆ ಬಕೆಟ್ಟಿಗೆ ಹಾಕಿ. ಫ್ರೀಜರಿನಲ್ಲಿ ಕಸ ಇಡಲು ಮನೆಯ ಹಿರಿಯರು ಒಪ್ಪದಿದ್ದರೆ, ಅನೇಕ ಮನೆಗಳಲ್ಲಿ ಒಪ್ಪುವುದಿಲ್ಲ, ಕುದಿಯುವ ನೀರನ್ನು ಸಿಪ್ಪೆಯ ಮೇಲೆ ಸುರಿದು ಎರಡು ನಿಮಿಷ ಬಿಟ್ಟು ಚೆನ್ನಾಗಿ ಬಸಿದು ಹಾಕಿ. ಬಸಿಯದೆ ಹಾಕಿದರೆ ತೇವ ಹೆಚ್ಚಿ ಮಾಡಿದ್ದೆಲ್ಲ ವ್ಯರ್ಥವಾಗುತ್ತದೆ. ಸಿಪ್ಪೆಯನ್ನು ಮೇಲೆ ಎರಚದೆ, ನಡುವೆ ಗುಳಿ ತೋಡಿ ಹೂತು, ಮೇಲೆ ಎರಡು ಮೂರು ಅಂಗುಲ ಒಣ ಹೊದಿಕೆ ಹರಡಿ. ಮೇಲಿನಿಂದ ನೋಡಿದಾಗ ಆಹಾರದ ಒಂದು ಚೂರೂ ಕಾಣಬಾರದು. ಅನ್ನ, ಮೊಸರನ್ನಗಳಿಗೂ ಇದೇ ನಿಯಮ. ಈ ನೊಣಗಳ ಓಡಾಟ ಬೆಳಿಗ್ಗೆ ಮತ್ತು ಮುಸ್ಸಂಜೆ ಹೆಚ್ಚು. ಬಕೆಟ್ ತೆರೆಯುವ ಕೆಲಸವನ್ನು ಮಧ್ಯಾಹ್ನಕ್ಕೋ ರಾತ್ರಿ ಮಲಗುವ ಮುನ್ನವೋ ಇಟ್ಟುಕೊಳ್ಳಿ.

ಬಕೆಟ್ಟಿನ ತೂತುಗಳ ಬಗ್ಗೆ. ಗಾಳಿ ಬೇಕು, ಆದ್ದರಿಂದ ಅವನ್ನು ಮುಚ್ಚಿಬಿಡಬೇಡಿ. ಮುಚ್ಚಿದರೆ ನೊಣ ಹೋಗಿ ದುರ್ನಾತ ಬರುತ್ತದೆ, ಕೆಳಗಿನ ಮನೆಯವರ ದೂರು ಮಾತ್ರ ಉಳಿಯುತ್ತದೆ. ಪ್ರಯೋಗಾಲಯದಲ್ಲಿ ನಾವು ನೊಣದ ಸೀಸೆಗಳಿಗೆ ಹತ್ತಿಯ ಬಿರಡೆ ಇಡುತ್ತಿದ್ದೆವು: ಗಾಳಿ ಆಡುತ್ತದೆ, ನೊಣ ದಾಟುವುದಿಲ್ಲ. ನಿಮಗೂ ಬೇಕಾದದ್ದು ಅಂಥದ್ದೇ. ಕಿಟಕಿಗೆ ಹಾಕುವ ಸೊಳ್ಳೆ ಜಾಲರಿಯ ಕಣ್ಣು ಸಾಮಾನ್ಯವಾಗಿ ಒಂದು ಮಿಲಿಮೀಟರಿಗಿಂತ ದೊಡ್ಡದಿರುತ್ತದೆ, ಇದರಲ್ಲಿ ಈ ನೊಣ ನುಸುಳಬಲ್ಲದು. ರೇಷ್ಮೆ ಸಾಕುವ ಮನೆಗಳಲ್ಲಿ ಉಜಿ ಎಂಬ ದೊಡ್ಡ ನೊಣವನ್ನು ತಡೆಯಲು ಕಟ್ಟುವ ಬಲೆಯಂತೂ ಇದಕ್ಕೆ ಹೆಬ್ಬಾಗಿಲು. ಹಳೆಯ ಪಂಚೆಯ ಬಟ್ಟೆಯೇ ಸಾಕು: ಒಳಗಿನಿಂದ ತೂತುಗಳ ಮೇಲೆ ಅಂಟಿಸಿ, ಇನ್ನೊಂದು ತುಂಡನ್ನು ಬಕೆಟ್ಟಿನ ಬಾಯಿಗೆ ಎಲಾಸ್ಟಿಕ್ ಹಾಕಿ ಬಿಗಿದು, ಮೇಲೆ ಮುಚ್ಚಳ ಇಡಿ. ಬಟ್ಟೆ ಒದ್ದೆಯಾದಾಗ ಬದಲಿಸಿ ಒಗೆಯಿರಿ.

ಈಗಾಗಲೇ ಹಾರಾಡುತ್ತಿರುವವಕ್ಕೆ ಲೋಟದಲ್ಲಿ ಎರಡು ಚಮಚ ವಿನೆಗರ್, ಅಷ್ಟೇ ನೀರು, ಪಾತ್ರೆ ತೊಳೆಯುವ ಸೋಪಿನ ದ್ರವ ಎರಡು ಹನಿ ಹಾಕಿ ಬಕೆಟ್ಟಿನಿಂದ ಮೂರು ನಾಲ್ಕು ಅಡಿ ದೂರ ಇಡಿ. ಸೋಪು ಬೇಕೇ ಬೇಕು, ಇಲ್ಲದಿದ್ದರೆ ನೊಣ ನೀರಿನ ಮೇಲೆ ಕೂತು ಕುಡಿದು ಎದ್ದು ಹೋಗುತ್ತದೆ. ವಿನೆಗರ್ ಇಲ್ಲದಿದ್ದರೆ ಒಂದೆರಡು ದಿನ ಹುಳಿಯಲು ಬಿಟ್ಟ ಬೆಲ್ಲದ ನೀರೂ ಆದೀತು. ಐದು ದಿನಕ್ಕೊಮ್ಮೆ ಚೆಲ್ಲಿ ಹೊಸದು ಇಡಿ; ಮರೆತರೆ ಅದೇ ಇನ್ನೊಂದು ತೊಟ್ಟಿಲು.

ಇಷ್ಟು ಮಾಡಿದರೂ ನಾಳೆಯೇ ನೊಣ ಮಾಯವಾಗುವುದಿಲ್ಲ. ಮೊದಲ ವಾರ ಹೆಚ್ಚಾದಂತೆ ಕಾಣಬಹುದು, ಒಳಗಿದ್ದ ಕೋಶಗಳು ಒಡೆಯಬೇಕಲ್ಲ. ಎರಡು ತಲೆಮಾರಿನ ಲೆಕ್ಕ ಹಿಡಿದು ಮೂರು ವಾರ ಕಾಯಿರಿ. ಆ ನಡುವೆ ಇನ್ನೊಂದು ಸಂಗತಿ ನಡೆಯಬಹುದು. ಕೆಂಪು ಕಣ್ಣಿನ ಕಂದು ನೊಣ ಕಡಿಮೆಯಾಗಿ, ಸೊಳ್ಳೆಯಂತೆ ಉದ್ದ ಕಾಲಿನ, ಸಣಕಲು ಕಪ್ಪು ನೊರಜುಗಳು ಕಾಣಿಸಿಕೊಂಡಾವು. ಅವು ತೇವದ ತರಗೆಲೆಯ ಬೂಷ್ಟನ್ನು ತಿನ್ನುವ ಬೇರೆ ಕೀಟ; ವಿನೆಗರಿನ ಲೋಟಕ್ಕೆ ಅಷ್ಟಾಗಿ ಬೀಳುವುದಿಲ್ಲ. ಮೇಲ್ಪದರವನ್ನು ಒಣಗಲು ಬಿಟ್ಟು, ಹಳದಿ ಅಂಟುಹಾಳೆ ಒಂದನ್ನು ನೆಟ್ಟರೆ ಸಾಕು. ಮಳೆಗಾಲದಲ್ಲಿ ಬೂದುಗಂದು ಬಣ್ಣದ, ಚಪ್ಪಟೆಯಾದ, ಬೆರಳಿನ ಗೆಣ್ಣಿನಷ್ಟು ದೊಡ್ಡ ಹುಳುಗಳು ಕಂಡರೆ ಕಿರುಚಬೇಡಿ. ಅದು ಕಪ್ಪು ಸೈನಿಕ ನೊಣದ ಮರಿ. ಮನೆಯೊಳಗೆ ಬರುವ ಆಸಕ್ತಿ ಅದಕ್ಕಿಲ್ಲ, ಹಸಿಕಸವನ್ನು ನಮಗಿಂತ ಬೇಗ ಮುಗಿಸುತ್ತದೆ.

ಬೇರೆ ದಾರಿಗಳೂ ಇವೆ. ಬೊಕಾಶಿ ಎಂಬ ಜಪಾನಿ ಪದ್ಧತಿಯಲ್ಲಿ ಸೂಕ್ಷ್ಮಜೀವಿ ಬೆರೆಸಿದ ತೌಡನ್ನು ಉದುರಿಸುತ್ತ ಕಸವನ್ನು ಗಾಳಿಯಾಡದ ಡಬ್ಬದಲ್ಲಿ ಉಪ್ಪಿನಕಾಯಿಯಂತೆ ಹುಳಿಯಲು ಬಿಡುತ್ತಾರೆ. ನೊಣದ ಕಾಟ ತೀರ ಕಡಿಮೆ. ಆದರೆ ಎರಡು ವಾರದ ಮೇಲೆ ಅದನ್ನು ಮಣ್ಣಿನಲ್ಲಿ ಹೂಳಬೇಕು, ಹುಳಿಯಾಗಿರುವುದರಿಂದ ನೇರವಾಗಿ ಗಿಡದ ಬುಡಕ್ಕೆ ಹಾಕುವಂತಿಲ್ಲ, ತೌಡಿಗೆ ತಿಂಗಳು ತಿಂಗಳೂ ಖರ್ಚು. ಅಂಗಳವಿಲ್ಲದ ಬಾಡಿಗೆ ಮನೆಗೆ ನಾನು ಅದನ್ನು ಹೇಳಲಾರೆ. ಅದಕ್ಕಿಂತ ಸರಳವಾದದ್ದು, ಮಾವು ಹಲಸಿನ ಎರಡು ತಿಂಗಳು ಹಣ್ಣಿನ ಸಿಪ್ಪೆಯನ್ನು ಮಾತ್ರ ಪಾಲಿಕೆಯ ಗಾಡಿಗೆ ಹಸಿಕಸವಾಗಿ ಕೊಟ್ಟು, ತರಕಾರಿ, ಕಾಫಿಚರಟ, ಟೀ ಸೊಪ್ಪಿನಿಂದ ಬಕೆಟ್ ನಡೆಸುವುದು. ಇದರಲ್ಲಿ ಸೋಲೇನೂ ಇಲ್ಲ. ನಾನೇ ಕೆಲವು ವರ್ಷ ಹಾಗೆ ಮಾಡಿದ್ದೇನೆ.

ನಿಲ್ಲಿಸಬೇಡಿ ಎನ್ನುವುದೇ ನನ್ನ ಸಲಹೆ, ಆದರೆ ಬಕೆಟ್ಟನ್ನು ಅಡುಗೆಮನೆಯ ಬಾಗಿಲಿನಿಂದ ಸಾಧ್ಯವಾದಷ್ಟು ದೂರಕ್ಕೆ, ಆಗುವುದಾದರೆ ಮಾಲೀಕರ ಒಪ್ಪಿಗೆ ಪಡೆದು ತಾರಸಿಯ ನೆರಳಿಗೆ ಒಯ್ಯಿರಿ. ಕೆಳಗಿನ ಮನೆಯವರಿಗೆ ಮೂರು ವಾರ ಸಮಯ ಕೇಳಿ, ಆ ಮೂರು ವಾರ ತಟ್ಟೆಯ ರಸ ಅವರ ಕಡೆ ತೊಟ್ಟಿಕ್ಕದಂತೆ ನೋಡಿಕೊಳ್ಳಿ. ಅವರ ನಿಜವಾದ ದೂರು ಬಹುಶಃ ಅದೇ ಇರಬಹುದು.

ಕಟ್ಟಿಟ್ಟ ಬಲೆಯನ್ನು ಎಸೆಯಬೇಡಿ. ಮುಂದಿನ ಸಲ ತವರಿಗೆ ಹೋಗುವಾಗ ಒಯ್ದು, ಹಿತ್ತಿಲಿನಲ್ಲಿ ಮಾವೋ ಸೀಬೆಯೋ ಇದ್ದರೆ ಕಾಯಿ ಬಲಿಯುವ ಹೊತ್ತಿಗೆ ಮಕ್ಕಳ ಕೈಗೆ ಎಟುಕದಷ್ಟು ಎತ್ತರದ ಕೊಂಬೆಗೆ, ನೆರಳಿನಲ್ಲಿ ಕಟ್ಟಿ. ತುಂಡಿನ ವಾಸನೆ ಆರಿಹೋಗಿದ್ದರೆ ಅದೇ ಅಂಗಡಿಯಲ್ಲಿ ಬದಲಿ ತುಂಡು ಕೇಳಿ ಹಾಕಿಸಿಕೊಳ್ಳಿ. ವಾರ ಕಳೆದು ಇಳಿಸಿ ನೋಡಿದಾಗ ತಳದಲ್ಲಿ ಬಿದ್ದಿರುವ, ಹಳದಿ ಪಟ್ಟೆಯ ದಪ್ಪ ನೊಣಗಳೇ ಅಂಗಡಿಯವರು ಹೇಳಿದ ಹಣ್ಣುನೊಣ.